‘ಎ’ ಬಿಂದುವಿನಿಂದ ‘ಬಿ’ ಬಿಂದುವಿಗೆ

ಹೈಸ್ಕೂಲಿನ ರೇಖಾಗಣಿತದ ಲೆಕ್ಕದಂತೆ ಆರಂಭವಾಗುವ ಕಥೆಯೊಂದಿದೆ. ‘ಎ’ ಎಂಬ ಒಂದು ಬಿಂದು, ‘ಬಿ’ ಎಂಬ ಇನ್ನೊಂದು ಬಿಂದು. ನಡುವೆ ಬಯಲು. ಆ ಬಯಲು ಬಂದೂಕು ಹಿಡಿದು ಅಡಗಿ ಕೂತ ಗುರಿಕಾರನಿಗೆ ಚೆನ್ನಾಗಿ ಕಾಣುತ್ತದೆ. ದಾಟಬೇಕಾದವರು ಏನು ಮಾಡಬೇಕು? ಓಡಬೇಕು. ಅಲೆಕ್ಸಾಂಡರ್ ಹೆಮೊನ್ ಅವರ ‘ನಾಣ್ಯ’ ಕಥೆಯ ಮಂದಿ ಅದನ್ನೇ ಮಾಡುತ್ತಾರೆ.

ಊರು ಬೋಸ್ನಿಯಾದ ರಾಜಧಾನಿ ಸರಾಯೆವೊ. 1992ರ ಏಪ್ರಿಲ್‌ನಿಂದ 1996ರ ಫೆಬ್ರುವರಿಯವರೆಗೆ, ಒಟ್ಟು 1,425 ದಿನ, ಬೋಸ್ನಿಯಾದ ಸರ್ಬ್ ಪಡೆಗಳು ಸುತ್ತಲಿನ ಗುಡ್ಡಗಳ ಮೇಲೆ ಕುಳಿತು ಈ ನಗರಕ್ಕೆ ಮುತ್ತಿಗೆ ಹಾಕಿದ್ದವು. ನಲ್ಲಿಯಲ್ಲಿ ನೀರಿಲ್ಲ, ದೀಪವಿಲ್ಲ, ಕೊರೆಯುವ ಚಳಿಗೆ ಉರುವಲಿಲ್ಲ. ನೀರಿಗಾಗಿ ಸಾಲು ನಿಂತವರ ಮೇಲೂ ಷೆಲ್ ಬೀಳುತ್ತಿತ್ತು. 2012ರಲ್ಲಿ ಊರಿನ ಮುಖ್ಯ ಬೀದಿಯ ಉದ್ದಕ್ಕೂ 11,541 ಖಾಲಿ ಕೆಂಪು ಕುರ್ಚಿಗಳನ್ನಿಟ್ಟರು. ಸತ್ತವರಿಗೆ ತಲಾ ಒಂದು. ಮಕ್ಕಳ ಹೆಸರಿನವು ಪುಟ್ಟ ಕುರ್ಚಿಗಳು.

ಇಂಥ ಊರಿನ ಕಥೆಗಳಿಗೆ ವಿಮರ್ಶಕರು ‘ಆಧುನಿಕೋತ್ತರ’ ಎಂಬ ಹಣೆಪಟ್ಟಿ ಹಚ್ಚುತ್ತಾರೆ. ತುಂಡುತುಂಡಾದ ನಿರೂಪಣೆ, ಕಥೆಯೋ ವರದಿಯೋ ತಿಳಿಯದ ಬರಹ, ತನ್ನನ್ನೇ ನಂಬದ ನಿರೂಪಕ. ಗೋಷ್ಠಿಗಳಲ್ಲಿ ಈ ಶಬ್ದ ಕೇಳಿದೊಡನೆ ಆಕಳಿಸುವ ಓದುಗರೂ ಉಂಟು, ಅವರನ್ನು ದೂರುವಂತಿಲ್ಲ! ಆದರೆ ಸರಾಯೆವೊದಲ್ಲಿ ಬದುಕೇ ತುಂಡಾಗಿತ್ತು. ಕಥೆಗಾರ ಅದನ್ನು ಬೇಕೆಂದು ಒಡೆಯಬೇಕಾದ ಪ್ರಮೇಯವೇ ಇರಲಿಲ್ಲ.

ಹೆಮೊನ್ 1992ರ ಆರಂಭದಲ್ಲಿ ಅಮೆರಿಕಕ್ಕೆ ಹೋದವರು. ಅವರು ಷಿಕಾಗೊದಲ್ಲಿದ್ದಾಗ ಊರಿಗೆ ಮುತ್ತಿಗೆ ಬಿತ್ತು. ‘ನಾಣ್ಯ’ದಲ್ಲೂ ಎರಡು ದನಿಗಳಿವೆ: ಸರಾಯೆವೊದಿಂದ ಕಾಗದ ಬರೆಯುವ ಐದಾ, ಷಿಕಾಗೊದಲ್ಲಿ ಅದನ್ನು ಓದುವವನು. ಕಾಗದ ತಲುಪುವುದು ಎಷ್ಟೋ ದಿನಗಳ ಮೇಲೆ. ಅವನು ಓದುವ ಗಳಿಗೆಯಲ್ಲಿ ಬರೆದವಳು ಬದುಕಿದ್ದಾಳೆಯೇ? ಅಕ್ಷರಗಳಿಂದ ಅದು ತಿಳಿಯುವುದಿಲ್ಲ. ಕಥೆಯಲ್ಲಿ ಕಾಲ ಹಿಂದುಮುಂದಾಗುವುದು ಈ ಅಂಚೆಯ ದೆಸೆಯಿಂದ. ಐದಾಳ ಕೆಲಸ ವಿದೇಶಿ ಟಿ.ವಿ.ಗಾಗಿ ಚಿತ್ರೀಕರಿಸಿದ್ದನ್ನು ಸಂಕಲಿಸುವುದು. ಹೊರಗಿನ ವೀಕ್ಷಕರು ತಾಳಲಾರದ ದೃಶ್ಯಗಳನ್ನು ಕತ್ತರಿಸಬೇಕು. ಕತ್ತರಿಸಿದ್ದನ್ನು ಅವಳು ಎಸೆಯುವುದಿಲ್ಲ, ಬೇರೊಂದು ಟೇಪಿಗೆ ಜೋಡಿಸಿಡುತ್ತಾಳೆ. ನಮ್ಮ ಮನೆಗಳ ಪರದೆಯ ಮೇಲೂ ಆಗ ಬೋಸ್ನಿಯಾ ಬರುತ್ತಿತ್ತಲ್ಲವೇ? ನಾವು ಕಂಡದ್ದು ಇಂಥ ಕತ್ತರಿ ದಾಟಿ ಬಂದದ್ದನ್ನು.

ಮಿಲ್ಯೆಂಕೊ ಯೆರ್ಗೊವಿಚ್ ಅವರದು ಬೇರೆ ದಾರಿ. ಅವರು 1993ರವರೆಗೆ ಊರೊಳಗೇ ಇದ್ದರು. ಮರುವರ್ಷ ಬಂದ ‘ಸರಾಯೆವೊ ಮಾರ್ಲ್‌ಬರೊ’ ಸಂಕಲನದ ಕಥೆಗಳು ಬಲು ಪುಟ್ಟವು. ಯುದ್ಧದ ಅಬ್ಬರ ಅಲ್ಲಿ ಕಡಿಮೆ. ಫೋಕ್ಸ್‌ವ್ಯಾಗನ್ ಕಾರು, ಕುಂಡದ ಕಳ್ಳಿಗಿಡ, ಗೋರಿ ತೋಡುವವನ ಹರಟೆ. ಕಳೆದುಹೋದದ್ದು ಇಂಥವುಗಳ ಮೂಲಕವೇ ಗೊತ್ತಾಗುತ್ತದೆ. ನನಗಂತೂ ಹೆಮೊನ್‌ಗಿಂತ ಇವರೇ ಹೆಚ್ಚು ಹತ್ತಿರ.

ಸಂಕಲನದ ಕೊನೆಯ ಕಥೆ ‘ಗ್ರಂಥಾಲಯ’. 1992ರ ಆಗಸ್ಟ್ 25ರ ರಾತ್ರಿ ಷೆಲ್ ದಾಳಿಗೆ ಸಿಕ್ಕಿ ರಾಷ್ಟ್ರೀಯ ಗ್ರಂಥಾಲಯ ಹೊತ್ತಿ ಉರಿಯಿತು. ಸುಮಾರು 15 ಲಕ್ಷ ಸಂಪುಟಗಳಲ್ಲಿ ಬಹುಪಾಲು ಬೂದಿಯಾದವು. ಊರಿನ ಮನೆಗಳಲ್ಲಿ ಪುಸ್ತಕಗಳು ಒಲೆಗೂ ಹೋದವು. ಚಳಿಗೆ ನಡುಗುವ ಮಕ್ಕಳಿರುವ ಮನೆಯಲ್ಲಿ ಕಪಾಟಿನೆದುರು ನಿಂತು, ಮೊದಲು ಯಾವುದನ್ನು ತೆಗೆಯಬೇಕೆಂದು ಯೋಚಿಸಿದವರು ಓದುಗರೇ ಆಗಿದ್ದರು.