ಮರಣಶಾಸನ ಬರೆಸುವ ಮುನ್ನ: ನಮ್ಮ ಕಾಗದ ಓದಬಲ್ಲ ನ್ಯಾಯವಾದಿ ಯಾರು?

ಗಡಿನಾಡಿನ ನಮ್ಮ ಮನೆಗಳಲ್ಲಿ ಆಸ್ತಿಯ ಮಾತು ಬರುವುದು ಸಾಮಾನ್ಯವಾಗಿ ಎರಡೇ ಸಂದರ್ಭಗಳಲ್ಲಿ: ಹಿರಿಯರು ಆಸ್ಪತ್ರೆ ಸೇರಿದಾಗ, ಇಲ್ಲವೇ ಅವರ ಉತ್ತರಕ್ರಿಯೆ ಮುಗಿದ ಮರುದಿನ. ಎರಡೂ ತಡವಾದ ಹೊತ್ತುಗಳೇ. ಮಕ್ಕಳನ್ನು ಯಾವ ಮಾಧ್ಯಮದ ಶಾಲೆಗೆ ಸೇರಿಸಬೇಕೆಂದು ತಿಂಗಳುಗಟ್ಟಲೆ ಚರ್ಚಿಸುವ ನಾವು, ಆ ಮಕ್ಕಳಿಗೆ ಉಳಿಯುವ ನೆಲದ ಕಾಗದವನ್ನು ಯಾವ ಭಾಷೆಯಲ್ಲಿ, ಯಾರ ಕೈಯಿಂದ ಬರೆಸಬೇಕೆಂದು ಅರ್ಧ ದಿನವೂ ಯೋಚಿಸುವುದಿಲ್ಲ.

ನಮಗೆ ತಿಳಿದ ಒಂದು ಮನೆಯ ಸಂಗತಿ ಇದು. ವಯಸ್ಸಾದ ತಾಯಿಯೊಬ್ಬರು ತಮ್ಮ ಕಾಲಾನಂತರ ಅಡಿಕೆ ತೋಟವು ಮಗನಿಗೆ ಸೇರಲೆಂದೂ, ತಾವಿರುವವರೆಗೆ ತಮ್ಮದಾಗಿಯೇ ಇರಲೆಂದೂ ಹೇಳಿ ಕಾಗದ ಮಾಡಿಸಿದರು. ಅವರು ಕನ್ನಡವನ್ನು ಸರಾಗವಾಗಿ ಓದುತ್ತಿದ್ದರು. ಮಲಯಾಳ ಲಿಪಿ ತಿಳಿಯದು. ಮುಂದೊಮ್ಮೆ ಭೂಕಂದಾಯ ಕಟ್ಟಲು ವಿಲೇಜ್ ಆಫೀಸಿಗೆ ಹೋದಾಗ ತಂಡಪೇರು ಮಗನ ಹೆಸರಿಗೆ ಬದಲಾಗಿತ್ತು. ಅವರು ಸಹಿ ಹಾಕಿದ್ದು ಮರಣಶಾಸನಕ್ಕಲ್ಲ, ‘ಧನನಿಶ್ಚಯ’ ಆಧಾರಕ್ಕೆ. ಮೋಸ ಮಾಡುವ ಉದ್ದೇಶ ಯಾರಿಗೂ ಇದ್ದಿರಲಿಲ್ಲವೆಂದೇ ನಾವು ನಂಬುತ್ತೇವೆ. ಬರೆದವರು ಕೇಳಲಿಲ್ಲ, ಬರೆಸಿದವರು ಓದಲಿಲ್ಲ. ತಾಯಿ ಮತ್ತು ಮಗನ ನಡುವೆ ಇಂದಿಗೂ ಮಾತು ಸರಿಯಾಗಿಲ್ಲ.

ಆದ್ದರಿಂದ ಮೊದಲು ಕೆಲವು ಶಬ್ದಗಳನ್ನು ಬಿಡಿಸಿಕೊಳ್ಳೋಣ. ಕೇರಳದ ಕಚೇರಿಗಳಲ್ಲಿ ‘ಒಸ್ಯತ್ತ್’ ಎಂದರೆ ಮರಣಶಾಸನ, ನಮ್ಮ ಹಿರಿಯರ ಮಾತಿನಲ್ಲಿ ವೀಲುನಾಮೆ. ಅದು ಬರೆದವರ ಮರಣಾನಂತರವೇ ಜಾರಿಗೆ ಬರುತ್ತದೆ. ಬದುಕಿರುವಷ್ಟು ಕಾಲ ಎಷ್ಟು ಸಲ ಬೇಕಾದರೂ ಬದಲಿಸಬಹುದು, ರದ್ದುಪಡಿಸಬಹುದು. ‘ಧನನಿಶ್ಚಯ’ ಮತ್ತು ‘ದಾನ’ ಹಾಗಲ್ಲ. ಅವುಗಳಲ್ಲಿ ಹಕ್ಕು ಸಾಮಾನ್ಯವಾಗಿ ಅಂದೇ ಕೈದಾಟುತ್ತದೆ, ಮನಸ್ಸು ಬದಲಾಯಿತೆಂದು ಹಿಂದೆ ಪಡೆಯಲಾಗದು. ‘ಒಳಿಮುರಿ’ ಎಂದರೆ ಹಕ್ಕು ಬಿಡುಗಡೆ ಪತ್ರ. ಹೆಣ್ಣುಮಕ್ಕಳ ಕೈಯಿಂದ ‘ಸುಮ್ಮನೆ ಒಂದು ಸಹಿ’ ಎಂದು ಕೇಳುವ ಕಾಗದ ಹೆಚ್ಚಾಗಿ ಇದೇ ಆಗಿರುತ್ತದೆ. ಬದುಕಿರುವಾಗಲೇ ಆಸ್ತಿಯನ್ನು ಕೊಡಲೇಬೇಕೆಂದಿದ್ದರೆ, ತಮ್ಮನ್ನು ಪೋಷಿಸಬೇಕೆಂಬ ಷರತ್ತನ್ನು ಆಧಾರದಲ್ಲಿಯೇ ಸ್ಪಷ್ಟವಾಗಿ ಬರೆಸಬೇಕು. ಆ ಷರತ್ತು ಮುರಿದರೆ 2007ರ ಹೆತ್ತವರ ಹಾಗೂ ಹಿರಿಯ ನಾಗರಿಕರ ಪೋಷಣಾ ಕಾಯ್ದೆಯ 23ನೆಯ ಸೆಕ್ಷನ್ ಪ್ರಕಾರ ಟ್ರಿಬ್ಯೂನಲ್ ಆ ವರ್ಗಾವಣೆಯನ್ನು ಅಸಿಂಧುವೆಂದು ಘೋಷಿಸಬಹುದು.

ಇನ್ನು ಭಾಷೆಯ ಪ್ರಶ್ನೆ. ‘ಕನ್ನಡದಲ್ಲಿ ಬರೆದರೆ ನೋಂದಣಿ ಆಗುವುದಿಲ್ಲ’ ಎಂಬ ಮಾತನ್ನು ಕಾಸರಗೋಡಿನಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. 1908ರ ನೋಂದಣಿ ಕಾಯ್ದೆಯ 19ನೆಯ ಸೆಕ್ಷನ್ ಹೇಳುವುದು ಬೇರೆಯೇ: ದಸ್ತಾವೇಜಿನ ಭಾಷೆ ಅಧಿಕಾರಿಗೆ ಅರ್ಥವಾಗದೆ, ಜೊತೆಗೆ ಆ ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲಿಯೂ ಇಲ್ಲದಿದ್ದರೆ ಮಾತ್ರ ಅನುವಾದವನ್ನು ಲಗತ್ತಿಸಬೇಕು. ಕನ್ನಡವು ಈ ಜಿಲ್ಲೆಯಲ್ಲಿ ಬಳಕೆಯಲ್ಲಿಲ್ಲವೆಂದು ಯಾರೂ ಹೇಳಲಾರರು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೂ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶವನ್ನು ಕೊಟ್ಟಿದೆ. ಆದರೂ ನಮ್ಮ ಸಲಹೆ ಸ್ವಲ್ಪ ವ್ಯಾವಹಾರಿಕವಾದುದು: ಮೂಲ ಮರಣಶಾಸನ ಕನ್ನಡದಲ್ಲಿರಲಿ, ಅದರೊಂದಿಗೆ ಮಲಯಾಳ ಅಥವಾ ಇಂಗ್ಲಿಷ್ ಅನುವಾದವನ್ನೂ ಇರಿಸಿಕೊಳ್ಳಿ. ಬರೆಸಿದವರಿಗೆ ಅರ್ಥವಾಗುವ ಭಾಷೆ ಮೂಲದಲ್ಲಿದ್ದರೆ, ‘ಇದನ್ನು ಅವರು ತಿಳಿದು ಬರೆಸಿದರೇ?’ ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ಎದ್ದಾಗ ಅದೇ ದೊಡ್ಡ ಆಸರೆ.

ಇಷ್ಟಕ್ಕೆ ಕನ್ನಡ ಬಲ್ಲ ನ್ಯಾಯವಾದಿ ಸಾಕೆಂದು ತೋರಬಹುದು. ಸಾಲದು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಅಜ್ಜಂದಿರ ಪೆಟ್ಟಿಗೆಯಲ್ಲಿರುವ ಕಾಗದಗಳಲ್ಲಿ ಮೂಲಗೇಣಿ, ಚಾಲಗೇಣಿ, ವರ್ಗ, ಕುಮ್ಕಿ ಮುಂತಾದ ಪದಗಳಿವೆ. ಅಳಿಯಸಂತಾನದ ಮನೆಗಳ ಪಾಲುಪಟ್ಟಿಯಲ್ಲಿ ‘ಕವರು’ ಎಂಬ ಪದವಿದೆ. ಅದು ಕುಟುಂಬದ ಹೆಣ್ಣು ಸಂತತಿಯ ಕವಲು. 1949ರ ಮದರಾಸು ಅಳಿಯಸಂತಾನ ಕಾಯ್ದೆಯಲ್ಲಿ ‘ನಿಸ್ಸಂತತಿ ಕವರು’ ಎಂಬುದಕ್ಕೆ ಪ್ರತ್ಯೇಕ ಅರ್ಥವಿದ್ದು, ಅಂಥ ಕವರಿಗೆ ಸಿಕ್ಕ ಪಾಲು ಜೀವಾವಧಿಗೆ ಮಾತ್ರವೇ ಎಂಬ ಪ್ರಶ್ನೆ ಬರುತ್ತದೆ. ಕೇರಳವು 1975ರಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಪಡಿಸುವ ಕಾಯ್ದೆ ಮಾಡಿತು. ಅದು 1976ರ ಡಿಸೆಂಬರ್ 1ರಂದು ಜಾರಿಗೆ ಬಂತು. ಗಡಿಯ ಆಚೆ, ಬಂಟ್ವಾಳದಲ್ಲಿಯೋ ಪುತ್ತೂರಿನಲ್ಲಿಯೋ ಇರುವ ದಾಯಾದಿಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಹೀಗಾಗಿ ಒಂದೇ ತರವಾಡಿನ ಎರಡು ತುಂಡು ನೆಲಕ್ಕೆ ಎರಡು ಬಗೆಯ ಲೆಕ್ಕ. ಅದರ ಮೇಲೆ 2025ರ ಜುಲೈಯಲ್ಲಿ ಕೇರಳ ಹೈಕೋರ್ಟ್, ಆ ಕಾಯ್ದೆಯ 3 ಮತ್ತು 4ನೆಯ ಸೆಕ್ಷನ್‌ಗಳು 2005ರ ಕೇಂದ್ರ ತಿದ್ದುಪಡಿಯೊಡನೆ ಹೊಂದುವುದಿಲ್ಲವೆಂದು ತೀರ್ಪಿತ್ತಿದೆ. ಹೆಣ್ಣುಮಕ್ಕಳ ಪಾಲಿಗೆ ಇದು ಸಣ್ಣ ಸಂಗತಿಯಲ್ಲ.

ಆದುದರಿಂದ ನ್ಯಾಯವಾದಿಯನ್ನು ಮೊದಲ ಸಲ ಕಂಡಾಗ ಹಳೆಯ ಪಾಲುಪಟ್ಟಿಯ ಒಂದು ಪ್ರತಿಯನ್ನು ಮುಂದಿಡಿ. ಅವರು ಅದನ್ನು ಓದುತ್ತಾರೆಯೇ, ಇಲ್ಲ ಗುಮಾಸ್ತರ ಕಡೆಗೆ ಸರಿಸುತ್ತಾರೆಯೇ ಎಂಬುದನ್ನು ಗಮನಿಸಿ. ನಮ್ಮ ಕುಟುಂಬ ಯಾವ ಸಂತಾನ ಕಟ್ಟಿಗೆ ಸೇರಿದ್ದು, ತೋಟಕ್ಕೆ ಭೂಸುಧಾರಣೆಯ ಕ್ರಯ ಸರ್ಟಿಫಿಕೇಟು ಯಾರ ಹೆಸರಿನಲ್ಲಿ ಬಂದಿದೆ ಎಂದು ಅವರೇ ಕೇಳಿದರೆ ಒಳ್ಳೆಯ ಲಕ್ಷಣ. ಏನನ್ನೂ ಕೇಳದೆ ‘ನಾಳೆ ಬನ್ನಿ, ಸಿದ್ಧವಾಗಿರುತ್ತದೆ’ ಎಂದರೆ ಎದ್ದು ಬರುವುದೇ ಲೇಸು. ಮುಸ್ಲಿಂ ಕುಟುಂಬದವರಾದರೆ, ಉಳಿದ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಮರಣಶಾಸನದಿಂದ ಕೊಡಲಾಗದೆಂಬುದನ್ನು ಅವರು ತಾವಾಗಿ ತಿಳಿಸಬೇಕು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ.

ಹುಡುಕುವುದೆಲ್ಲಿ? ಫಲಕ, ಜಾಹೀರಾತುಗಳನ್ನು ನಂಬಿ ಹೋಗುವಂತಿಲ್ಲ. ವಕೀಲರು ಜಾಹೀರಾತು ನೀಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಸಿವಿಲ್ ಪಕ್ಷದಲ್ಲಿ ಪಾಲು ದಾವೆಗಳನ್ನು ನಡೆಸಿದವರು ಯಾರೆಂದು ಕಾಸರಗೋಡಿನ ವಿದ್ಯಾನಗರದ ನ್ಯಾಯಾಲಯ ಸಂಕೀರ್ಣದಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಶಾಲೆಯ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಕೇಳುವುದಕ್ಕೂ ಸಂಕೋಚ ಬೇಡ. ಈಚೆಗೆ ಪಾಲು ಮಾಡಿಸಿಕೊಂಡ ಎರಡು ಮನೆಯವರಾದರೂ ಅಲ್ಲಿರುತ್ತಾರೆ. ಮಂಗಳೂರಿನ ವಕೀಲರನ್ನು ನೇಮಿಸಿಕೊಳ್ಳುವುದಕ್ಕೂ ಕಾನೂನಿನ ಅಡ್ಡಿಯಿಲ್ಲ, ಆದರೆ ತಂಡಪೇರು, ಪೋಕ್ಕುವರವುಗಳ ಓಡಾಟ ಬಲ್ಲ ಸ್ಥಳೀಯರೊಬ್ಬರು ಜೊತೆಗಿದ್ದರೆ ಮಾತ್ರ ಅದು ಸಾರ್ಥಕ. ಆಧಾರ ಬರಹಗಾರರು ಅನುಭವಿಗಳೇ. ಜಗಳವಿಲ್ಲದ ಸರಳ ಕ್ರಯಪತ್ರಕ್ಕೆ ಅವರು ಸಾಕು. ಎರಡು ರಾಜ್ಯಗಳಲ್ಲಿ ಹರಡಿದ ಆಸ್ತಿಗೆ ಕಾನೂನಿನ ಸಲಹೆಯೇ ಬೇಕು.

ಶುಲ್ಕವನ್ನು ಮೊದಲೇ ಮಾತನಾಡಿ ರಶೀದಿ ಪಡೆಯಿರಿ. ‘ಆಸ್ತಿ ಬಂದ ಮೇಲೆ ಇಂತಿಷ್ಟು ಪಾಲು ಕೊಡಿ’ ಎಂಬ ಒಪ್ಪಂದ ವಕೀಲರಿಗೆ ನಿಷಿದ್ಧ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾಯ್ದೆ ಕೊಟ್ಟಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಸಲ್ಲಿಸಬಹುದು, 15100ಕ್ಕೆ ಕರೆ ಮಾಡಬಹುದು.

ಚಿಕ್ಕ ಮಕ್ಕಳಿರುವ ಮನೆಗಳಿಗೆ, ಅದರಲ್ಲಿಯೂ ತಂದೆ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಮನೆಗಳಿಗೆ, ಇನ್ನೊಂದು ಮಾತು. ಹಿಂದೂ ತಾಯ್ತಂದೆಗಳು ತಾವಿಬ್ಬರೂ ಇಲ್ಲವಾದರೆ ಮಕ್ಕಳ ಪಾಲಕರು ಯಾರೆಂದು ಮರಣಶಾಸನದಲ್ಲಿ ಹೆಸರಿಸಬಹುದು. ಅಪ್ರಾಪ್ತರ ಹೆಸರಿಗೆ ನೇರವಾಗಿ ಬಂದ ನೆಲವನ್ನು, ಓದಿನ ಖರ್ಚಿಗೇ ಆದರೂ, ತಾಯಿ ಕೂಡ ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ. ಇದನ್ನು ಯೋಚಿಸಿಯೇ ಯಾರ ಹೆಸರಿಗೆ ಏನು ಬರೆಸಬೇಕೆಂದು ನಿರ್ಧರಿಸಿ. ಬ್ಯಾಂಕಿನಲ್ಲಿ ನಾಮಿನಿಯ ಹೆಸರಿದ್ದರೆ ಸಾಕೆಂಬ ನಂಬಿಕೆಯೂ ತಪ್ಪು; ನಾಮಿನಿ ಹಣವನ್ನು ಪಡೆಯುವವರು, ಒಡೆಯರಲ್ಲ.

ಮರಣಶಾಸನಕ್ಕೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಬೇಕು; ಪಾಲು ಪಡೆಯುವವರಲ್ಲದವರು, ವಯಸ್ಸಿನಲ್ಲಿ ಬರೆದವರಿಗಿಂತ ಕಿರಿಯರು ಆದರೆ ಒಳಿತು, ಏಕೆಂದರೆ ಮುಂದೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ನ್ಯಾಯಾಲಯದಲ್ಲಿ ನುಡಿಯಬೇಕಾಗುತ್ತದೆ. ಮನೆಯಲ್ಲಿ ಗೆದ್ದಲಿನ ಭಯವೋ ಮನುಷ್ಯರ ಭಯವೋ ಇದ್ದರೆ, ಮೊಹರು ಮಾಡಿದ ಲಕೋಟೆಯಲ್ಲಿ ಅದನ್ನು ಜಿಲ್ಲಾ ರಿಜಿಸ್ಟ್ರಾರರ ಬಳಿ ಠೇವಣಿ ಇಡಬಹುದು. ಲಕೋಟೆ ಅಲ್ಲಿದೆಯೆಂಬುದನ್ನು ಮಾತ್ರ ನಂಬಿಕೆಯ ಒಬ್ಬರಿಗಾದರೂ ಹೇಳಿಟ್ಟಿರಿ.