ವಸಂತದಲ್ಲಿ ಮುಕ್ತಿನಾಥ: ಬೈಕ್ ಹತ್ತುವ ಮುನ್ನದ ಲೆಕ್ಕ

ಪೋಖರಾದಿಂದ ಮುಕ್ತಿನಾಥಕ್ಕೆ ಸುಮಾರು 180 ಕಿ.ಮೀ. ಬೆಂಗಳೂರಿನಿಂದ ಹಾಸನಕ್ಕೂ ಹೆಚ್ಚುಕಡಿಮೆ ಅಷ್ಟೇ. ಹಾಸನಕ್ಕಾದರೆ ಬೆಳಿಗ್ಗೆ ಹೊರಟು ತಿಂಡಿಗೆ ಎಲ್ಲಿ ನಿಲ್ಲಿಸೋಣ ಎಂದು ಯೋಚಿಸುತ್ತೇವೆ. ಮುಕ್ತಿನಾಥದ ದಾರಿಗೆ ನಾವು ಇಟ್ಟುಕೊಂಡಿರುವುದು ನಾಲ್ಕು ದಿನ. ಪೋಖರಾ ಇರುವುದು ಸುಮಾರು 820 ಮೀಟರ್ ಎತ್ತರದಲ್ಲಿ, ಮುಕ್ತಿನಾಥ 3,700 ಮೀಟರಿಗೂ ಮೇಲೆ. ನಡುವಿನ ದಾರಿ ಕಾಳಿ ಗಂಡಕಿ ನದಿಯ ಕಣಿವೆಯಲ್ಲಿ ಸಾಗುತ್ತದೆ. ಒಂದು ಕಡೆ 8,167 ಮೀಟರಿನ ಧೌಲಗಿರಿ, ಇನ್ನೊಂದು ಕಡೆ 8,091 ಮೀಟರಿನ ಅನ್ನಪೂರ್ಣ.

ಪುಣೆಯಲ್ಲಿ ಕೂತು ಏಪ್ರಿಲ್ ಕೊನೆಯ ಈ ಪ್ರವಾಸಕ್ಕೆ ಆರು ತಿಂಗಳಿಂದ ತಯಾರಿ ನಡೆಸಿದ್ದೇವೆ. ನಾವು ಇಬ್ಬರು: ತೀರ್ಥಹಳ್ಳಿ ಕಡೆಯ ನಾನು, ಹುಬ್ಬಳ್ಳಿಯ ನನ್ನ ಸಹೋದ್ಯೋಗಿ. ಇಬ್ಬರೂ ನೇಪಾಳ ನೋಡಿದವರಲ್ಲ. ನಮ್ಮಲ್ಲಿ ಹಲವರಿಗೆ ಇಂಥದೊಂದು ಆಸೆ ಇರುವುದರಿಂದ ತಯಾರಿಯ ವಿವರ ಇಲ್ಲಿ ಬರೆಯುತ್ತಿದ್ದೇನೆ.

ಲಡಾಖ್ ಬಿಟ್ಟು ಅಲ್ಲಿಗೇ ಯಾಕೆ ಎಂದು ಕೇಳುವವರಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ಮನೆಯ ಸಾಲಿಗ್ರಾಮ ನಮ್ಮ ಪುಣೆಯ ಫ್ಲ್ಯಾಟಿಗೆ ಬಂತು. ಅಂಗೈಯಲ್ಲಿ ಹಿಡಿಸುವ ಕಪ್ಪು ಕಲ್ಲು. ಹುಟ್ಟಿದಾಗಿನಿಂದ ನೋಡುತ್ತಿದ್ದರೂ ಅದು ಬಂದ ಊರನ್ನು ನಾನು ನಕ್ಷೆಯಲ್ಲಿ ಹುಡುಕಿದ್ದು ಆಮೇಲೆಯೇ. ಸಾಲಿಗ್ರಾಮ ಸಿಗುವುದು ಈ ಕಾಳಿ ಗಂಡಕಿಯಲ್ಲಿ. ಭೂವಿಜ್ಞಾನಿಗಳ ಪ್ರಕಾರ ಅದು ಅಮೋನೈಟ್ ಎಂಬ ಕಡಲಜೀವಿಯ ಪಳೆಯುಳಿಕೆ. ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಸಮುದ್ರವಿತ್ತು; ಚಕ್ರದ ಗುರುತು ಆ ಕಾಲದ ಚಿಪ್ಪಿನದು. ಅಪ್ಪನಿಗೆ ಮುಕ್ತಿನಾಥಕ್ಕೆ ಹೋಗುವ ಆಸೆ ಇತ್ತು, ಆಗಲಿಲ್ಲ.

ಇಂಥ ಕಾರಣ ಜೊತೆಗಿದ್ದರೆ ಅಪಾಯವೂ ಜೊತೆಗೇ ಇರುತ್ತದೆ. ಸುಮ್ಮನೆ ಸುತ್ತಲು ಹೋದವನು ಮಳೆ ಬಂದರೆ ವಾಪಸ್ ಬರುತ್ತಾನೆ. ಹರಕೆ ಹೊತ್ತವನು ಹಾಗೆ ಬರುವುದಿಲ್ಲ. ಇದನ್ನು ಮೊದಲು ಗುರುತಿಸಿದ್ದು ನನ್ನ ಹೆಂಡತಿ. “ಹೋಗೋದಕ್ಕೆ ನನ್ನ ತಕರಾರಿಲ್ಲ. ಎಲ್ಲಿಂದ ವಾಪಸ್ ಬರ್ತೀರಿ ಅನ್ನೋದನ್ನ ಮೊದಲು ಬರೆದುಕೊಡಿ, ಆಮೇಲೆ ಟಿಕೆಟ್ ಮಾಡಿ” ಅಂದಳು. ನಮ್ಮ ಯೋಜನೆಗೆ ಒಂದು ಆಕಾರ ಬಂದದ್ದು ಆ ಮಾತಿನಿಂದ.

ಯಾವಾಗ ಹೋಗುವುದು

ಹಿಮಶಿಖರಗಳು ನಿಚ್ಚಳವಾಗಿ ಕಾಣಬೇಕೆಂದರೆ ಅಕ್ಟೋಬರ್ ಒಳ್ಳೆಯದು. ವಸಂತದಲ್ಲಿ ಮಳೆಗಾಲಕ್ಕೆ ಮುಂಚಿನ ಮಬ್ಬು ಇರುತ್ತದೆ, ಕಾಳ್ಗಿಚ್ಚಿನ ಹೊಗೆಯೂ ಸೇರಿ ಕೆಳಗಿನ ಬೆಟ್ಟಗಳು ಮಸುಕಾಗುತ್ತವೆ. ಆದರೆ ಮಾರ್ಚ್-ಏಪ್ರಿಲ್‌ನಲ್ಲಿ ಗುಡ್ಡಗಳ ತುಂಬ ಲಾಲಿಗುರಾಂಸ್ ಅರಳುತ್ತದೆ. ಇದು ನೇಪಾಳದ ರಾಷ್ಟ್ರಪುಷ್ಪ, ಕೆಂಪು ರೋಡೋಡೆಂಡ್ರಾನ್. ಕೆಳಗೆ ಮೊದಲು, ಮೇಲೆ ಹೋದಂತೆ ತಡವಾಗಿ ಅರಳುವುದರಿಂದ ಏಪ್ರಿಲ್ ಕೊನೆಗೂ ಎತ್ತರದಲ್ಲಿ ಹೂ ಸಿಗುತ್ತದೆ. ಜೂನ್ ಬಂತೆಂದರೆ ಮಳೆ, ಭೂಕುಸಿತ.

ಏಪ್ರಿಲ್ ಮಧ್ಯದಲ್ಲಿ ನೇಪಾಳದ ಹೊಸ ವರ್ಷ. ಕಚೇರಿಗಳಿಗೆ ರಜೆ, ಪೋಖರಾದಲ್ಲಿ ಜನಸಂದಣಿ. ಅದು ಕಳೆದ ಮೇಲೆಯೇ ನಾವು ಗಡಿ ದಾಟುತ್ತೇವೆ. ಅಲ್ಲಿಯದು ವಿಕ್ರಮ ಸಂವತ್, ನಮ್ಮ ಇಸವಿಗಿಂತ ಸುಮಾರು 57 ವರ್ಷ ಮುಂದೆ. ಕಾಗದಪತ್ರದಲ್ಲಿ ಆ ಇಸವಿ ಕಂಡರೆ ಗಾಬರಿ ಬೇಡ. ಗಡಿಯಾರವೂ ನಮಗಿಂತ 15 ನಿಮಿಷ ಮುಂದೆ. ಸಾಫ್ಟ್‌ವೇರ್ ಬರೆಯುವವರಿಗೆ ಈ ಐದೂಮುಕ್ಕಾಲು ಗಂಟೆಯ ಕಾಲವಲಯದ ಪರಿಚಯ ಚೆನ್ನಾಗಿಯೇ ಇರುತ್ತದೆ!

ಗಡಿಯವರೆಗೆ

ಪುಣೆಯಿಂದ ಗೋರಖ್‌ಪುರಕ್ಕೆ 1,600 ಕಿ.ಮೀ. ಆಸುಪಾಸು. ಏಪ್ರಿಲ್ ಬಿಸಿಲಿನಲ್ಲಿ ಆ ಬಯಲನ್ನು ಬೈಕಿನಲ್ಲಿ ದಾಟಿದರೆ ಬೆಟ್ಟ ಬರುವಷ್ಟರಲ್ಲಿ ಮೈ ಸೋತಿರುತ್ತದೆ. ಹಾಗಾಗಿ ಬೈಕುಗಳು ರೈಲ್ವೆ ಪಾರ್ಸೆಲ್‌ನಲ್ಲಿ, ನಾವು ರೈಲಿನಲ್ಲಿ. ಪಾರ್ಸೆಲ್‌ಗೆ ಹಾಕುವಾಗ ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆಯಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಕೊಡಬೇಕು. ಬೈಕ್ ನಮ್ಮ ರೈಲಿಗೇ ಬರುತ್ತದೆಂದು ನಂಬಿ ಕೂರುವ ಹಾಗಿಲ್ಲ. ಅದಕ್ಕೇ ಗೋರಖ್‌ಪುರದಲ್ಲಿ ಒಂದು ದಿನ ಇಟ್ಟಿದ್ದೇವೆ. ಅಲ್ಲಿಂದ ಸುನೌಲಿ ಗಡಿಗೆ ಸುಮಾರು 100 ಕಿ.ಮೀ.

ಗಡಿ ದಾಟಲು ನಮ್ಮಂಥವರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಚೀಟಿ ಇರಬೇಕು. ಆಧಾರ್ ಒಂದನ್ನೇ ನೆಚ್ಚಿಕೊಂಡು ಹೊರಡಬೇಡಿ. ಬೈಕಿಗೆ ಅಲ್ಲಿಯ ಕಸ್ಟಮ್ಸ್ ಕಚೇರಿಯಲ್ಲಿ ‘ಭನ್ಸಾರ್’ ಚೀಟಿ ಮಾಡಿಸಬೇಕು. ಶುಲ್ಕ ದಿನದ ಲೆಕ್ಕದಲ್ಲಿ, ಅವಧಿ ಮೀರಿದರೆ ದಂಡ. ನಾವು ಅಲ್ಲಿರುವುದು 12 ದಿನ, ಮಾಡಿಸುವುದು 14 ದಿನಕ್ಕೆ. ಚೀಟಿಯ ಅವಧಿ ಮುಗಿಯುತ್ತದೆಂದು ಕತ್ತಲಲ್ಲಿ ಬೆಟ್ಟ ಇಳಿಯುವ ಅನಿವಾರ್ಯತೆ ಬರಬಾರದು.

ಹೆಚ್ಚಿನವರು ಗಮನಿಸದ ಇನ್ನೊಂದು ವಿಷಯ ವಿಮೆ. ನಮ್ಮ ವಾಹನ ವಿಮೆ ಸಾಮಾನ್ಯವಾಗಿ ಭಾರತದೊಳಗೆ ಮಾತ್ರ ಅನ್ವಯ. ನೇಪಾಳ, ಭೂತಾನ್‌ನಂಥ ನೆರೆದೇಶಗಳಿಗೆ ಅದನ್ನು ವಿಸ್ತರಿಸುವ ಅವಕಾಶ ಇದೆ. ಹೆಚ್ಚುವರಿ ಕಂತು ಕಟ್ಟಿ, ಪಾಲಿಸಿಯ ಮೇಲೆ ದೇಶದ ಹೆಸರು ಬರೆಸಿಕೊಳ್ಳಬೇಕು. ನಮ್ಮ ಏಜೆಂಟರು ಮೊದಲು ಬೇಡವೆಂದರು. ಪಾಲಿಸಿಯ ಷರತ್ತು ತೋರಿಸಿ ಕೇಳಿದ ಮೇಲೆ ಮಾಡಿಕೊಟ್ಟರು.

ಹಣಕ್ಕೆ ನೂರರ ನೋಟು ಇಟ್ಟುಕೊಳ್ಳಿ. ನಮ್ಮ ಒಂದು ರೂಪಾಯಿಗೆ ಅಲ್ಲಿಯ 1.60 ರೂಪಾಯಿ, ಈ ದರ 1993ರಿಂದ ಬದಲಾಗಿಲ್ಲ. 2024ರಿಂದ ಅಲ್ಲಿಯ ಅಂಗಡಿಗಳಲ್ಲಿ ಯುಪಿಐ ಬಳಸುವ ವ್ಯವಸ್ಥೆ ಶುರುವಾಗಿದೆ. ಆದರೂ ಬೆಟ್ಟದ ಮೇಲೆ ಕೈಯಲ್ಲಿ ನಗದು ಇದ್ದರೆ ನೆಮ್ಮದಿ.

ಗಾಳಿಯ ವೇಳಾಪಟ್ಟಿ

ಸುನೌಲಿಯಿಂದ ಬುಟ್ವಲ್, ತಾನ್ಸೇನ್ ಮೂಲಕ ಪೋಖರಾಕ್ಕೆ ಸುಮಾರು 180 ಕಿ.ಮೀ. ತಾನ್ಸೇನ್‌ನಲ್ಲಿ ಒಂದು ರಾತ್ರಿ ಕಳೆದು ಹೋಗುತ್ತೇವೆ. ಪೋಖರಾದಲ್ಲಿ ಒಂದು ದಿನ ನಿಂತು ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರವಾನಗಿ ಪಡೆಯಬೇಕು. ಕಾಗ್ಬೇನಿಯಿಂದ ಉತ್ತರಕ್ಕಿರುವ ಮೇಲಿನ ಮುಸ್ತಾಂಗ್‌ಗೆ ಬೇರೆಯೇ ದುಬಾರಿ ಪರವಾನಗಿ ಬೇಕು. ಅತ್ತ ನಾವು ಹೋಗುವುದಿಲ್ಲ.

ಬೇನಿಯಿಂದ ಮೇಲೆ ಗಡಿಯಾರ ನೋಡಿಕೊಂಡು ಓಡಿಸಬೇಕು. ಕಾಳಿ ಗಂಡಕಿ ಕಣಿವೆಯಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ದಕ್ಷಿಣದಿಂದ ಉತ್ತರಕ್ಕೆ ಬಲವಾದ ಗಾಳಿ ಏಳುತ್ತದೆ, ಸಂಜೆವರೆಗೆ ನಿಲ್ಲುವುದಿಲ್ಲ. ಜೋಮ್ಸೋಮ್‌ಗೆ ವಿಮಾನಗಳು ಬೆಳಿಗ್ಗೆ ಮಾತ್ರ ಹಾರುವುದು ಅದಕ್ಕೇ. ಮೇಲೆ ಹೋಗುವಾಗ ಗಾಳಿ ಬೆನ್ನಿಗಿರುತ್ತದೆ, ಇಳಿಯುವಾಗ ಧೂಳಿನ ಸಮೇತ ಮುಖಕ್ಕೆ ಹೊಡೆಯುತ್ತದೆ. ಆದ್ದರಿಂದ ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದಕ್ಕೆ ಬೈಕ್ ನಿಲ್ಲಿಸುವುದು ನಮ್ಮ ನಿಯಮ. ಇಳಿಯುವ ದಿನ ಇದು ಇನ್ನೂ ಕಟ್ಟುನಿಟ್ಟು.

ಎರಡನೆಯದು ಎತ್ತರ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎನ್ನುತ್ತಾರೆ ವೈದ್ಯರು. ಬೈಕ್ ಒಂದೇ ಬೆಳಿಗ್ಗೆ ಸಾವಿರ ಮೀಟರ್ ಏರಿಸಿಬಿಡುತ್ತದೆ. ಕಾಲಿಗೆ ಆಯಾಸವಿಲ್ಲದ್ದರಿಂದ ದೇಹ ಸಿದ್ಧವಾಗಿಲ್ಲ ಎನ್ನುವುದು ಗೊತ್ತಾಗುವುದಿಲ್ಲ. ಹಾಗಾಗಿ ಮೊದಲ ದಿನ ಬಿಸಿನೀರ ಬುಗ್ಗೆಯಿರುವ ತಾತೋಪಾನಿ, ಎರಡನೆಯ ದಿನ ಸೇಬಿನ ತೋಟಗಳ ಮಾರ್ಫಾ, ಅಲ್ಲೇ ಒಂದು ದಿನ ವಿಶ್ರಾಂತಿ. ನಾಲ್ಕನೆಯ ದಿನ ಮುಕ್ತಿನಾಥ. ದೇವಸ್ಥಾನದ ಹಿಂದಿನ 108 ನೀರಿನ ಧಾರೆಗಳಿಗೆ ತಲೆಯೊಡ್ಡಿ, ಮಲಗಲು ಸುಮಾರು 2,800 ಮೀಟರಿನ ಕಾಗ್ಬೇನಿಗೆ ಇಳಿಯುತ್ತೇವೆ.

ಬೈಕಿಗೂ ಅಲ್ಲಿ ಉಸಿರು ಕಡಿಮೆ. ಮುಕ್ತಿನಾಥದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕೂ ತುಸು ಕಡಿಮೆ. ಎಂಜಿನ್ ಶಕ್ತಿ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ನಮ್ಮದು ಹಳೆಯ 411 ಸಿಸಿ ಹಿಮಾಲಯನ್, ಟ್ಯಾಂಕ್ 15 ಲೀಟರ್. ಬೇನಿಯಲ್ಲಿ ತುಂಬಿಸಿದರೆ ಮುಕ್ತಿನಾಥಕ್ಕೆ ಹೋಗಿ ಮತ್ತೆ ಬೇನಿಗೆ ಬರಲು ಸಾಕು, ಅದು 200 ಕಿ.ಮೀ. ಸುತ್ತಮುತ್ತ. ಚೀಲದಲ್ಲಿ ಎರಡೆರಡು ಟ್ಯೂಬ್, ಕ್ಲಚ್ ಕೇಬಲ್, ಬ್ರೇಕ್ ಮತ್ತು ಕ್ಲಚ್ ಲಿವರ್. ಪಂಕ್ಚರ್ ಹಾಕುವುದನ್ನು ಮನೆಯ ಪಾರ್ಕಿಂಗ್‌ನಲ್ಲಿ ಮೂರು ಭಾನುವಾರ ಕಲಿತೆವು.

ವಾಪಸಾತಿಯ ಗೆರೆ

12 ದಿನದ ರಜೆ, ಮೂರು ವಾರಾಂತ್ಯ ಸೇರಿ ಒಟ್ಟು 18 ದಿನ. ಮುಕ್ತಿನಾಥದ ದಿನದ ನಂತರ ಎರಡು ದಿನ ಖಾಲಿ ಬಿಟ್ಟಿದ್ದೇನೆ. ಪಟ್ಟಿ ನೋಡಿ ಗೆಳೆಯ ನಕ್ಕ: “ಪ್ರಾಜೆಕ್ಟಿಗೂ ಬಫರ್, ರಸ್ತೆಗೂ ಬಫರ್ ಏನೋ?” ಆ ಎರಡು ದಿನ ಕುಸಿದ ರಸ್ತೆಗೆ, ಜ್ವರಕ್ಕೆ, ಮಳೆಗೆ. ಏನೂ ಆಗದಿದ್ದರೆ ಕಾಗ್ಬೇನಿಯಲ್ಲಿ ನದಿ ನೋಡುತ್ತ ಕೂರುವುದಕ್ಕೆ.

ಹೆಂಡತಿ ಕೇಳಿದ ಕಾಗದದಲ್ಲಿ ಇರುವುದು ಇಷ್ಟು. ತಲೆನೋವಿನ ಜೊತೆ ವಾಂತಿ ಬಂದರೆ ಮೇಲೆ ಹೋಗುವುದಿಲ್ಲ, ಇಳಿಯುತ್ತೇವೆ. ಒಬ್ಬನಿಗೆ ಬಂದರೂ ಇಬ್ಬರೂ ಇಳಿಯುತ್ತೇವೆ. ರಸ್ತೆ ಕುಸಿದಿದ್ದರೆ ಅದರ ಕೆಳಗೆ ಕಾಯುವುದಿಲ್ಲ, ಹಿಂದಿನ ಊರಿಗೆ ಮರಳುತ್ತೇವೆ. ಮನೆ ಬಿಟ್ಟ ಹನ್ನೆರಡನೆಯ ರಾತ್ರಿ ಎಲ್ಲೇ ಇರಲಿ, ಮರುದಿನ ಬೆಳಿಗ್ಗೆ ಬೈಕಿನ ಮುಖ ದಕ್ಷಿಣಕ್ಕೆ. ದರ್ಶನ ಆಗಿರಲಿ, ಆಗದಿರಲಿ.

ಕೊನೆಯ ಸಾಲಿಗೆ ಸಹಿ ಹಾಕಲು ನನಗೆ ಒಂದು ವಾರ ಬೇಕಾಯಿತು. ಅಪ್ಪ ನೋಡಲಾಗದ ಜಾಗಕ್ಕೆ ಹೋಗಿ, ಹತ್ತಿಪ್ಪತ್ತು ಕಿ.ಮೀ. ಇರುವಾಗ ತಿರುಗುವುದು ಹೇಗೆ ಎಂಬ ಸಂಕಟ. ಊರಿಂದ ಫೋನಿನಲ್ಲಿ ಅಮ್ಮ ಅದನ್ನು ಸುಲಭ ಮಾಡಿದರು. “ಸಾಲಿಗ್ರಾಮ ಸಿಕ್ಕೋದು ಹೊಳೇಲಿ ಅಲ್ವನಾ? ಹೊಳೆ ದಾರಿಯುದ್ದಕ್ಕೂ ಪಕ್ಕದಲ್ಲೇ ಇರುತ್ತೆ ಅಂದೆ. ಎಲ್ಲಿ ಆಗುತ್ತೋ ಅಲ್ಲೇ ಕೈಕಾಲು ತೊಳ್ಕೊಂಡು ಬಾ.” ಅಂದೇ ಸಹಿ ಹಾಕಿದೆ, ಮರುದಿನ ಟಿಕೆಟ್ ಮಾಡಿಸಿದೆವು. ಕಾಗದದ ಒಂದು ಪ್ರತಿ ಫ್ರಿಜ್ಜಿನ ಬಾಗಿಲ ಮೇಲಿದೆ, ಇನ್ನೊಂದನ್ನು ಬೈಕಿನ ಪತ್ರಗಳ ಜೊತೆ ಕವರಿಗೆ ಹಾಕಿದ್ದೇನೆ.