ಮಹಿಳಾ ಹಕ್ಕುಗಳ ಸಂಸ್ಥೆಯಲ್ಲಿ ಯಾರಿರುತ್ತಾರೆ? ಏನು ಮಾಡುತ್ತಾರೆ?



ವಾರದ ಸಭೆ. ಉಳಿತಾಯ, ಸಾಲದ ಕಂತು ಕಟ್ಟಿ ಎಲ್ಲರೂ ಪುಸ್ತಕಕ್ಕೆ ಸಹಿ ಹಾಕುತ್ತಿದ್ದಾರೆ. ಒಬ್ಬಾಕೆ ಮಾತ್ರ ಸೆರಗು ಹೊದ್ದು ಮೂಲೆಯಲ್ಲಿ ಕುಳಿತಿದ್ದಾಳೆ. ಮೂರು ವಾರದಿಂದ ಕಂತು ಕಟ್ಟಿಲ್ಲ. "ಯಾಕಕ್ಕ, ಮುಖ ಊದಿದೆ?" ಅಂದರೆ "ಏನಿಲ್ಲ ಬಿಡವ್ವ, ಬಚ್ಚಲಲ್ಲಿ ಜಾರಿದೆ" ಅನ್ನುತ್ತಾಳೆ. ಅವಳು ಜಾರಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ "ಅದು ಅವರ ಮನೆ ವಿಚಾರ" ಅಂತ ಸುಮ್ಮನಾಗುತ್ತೇವೆ.

ರಾಮನಾಥಪುರದ ಸುತ್ತಮುತ್ತ ಹೊಗೆಸೊಪ್ಪು ಮುರಿಯಲು, ಕಡ್ಡಿಗೆ ಕಟ್ಟಲು ಹೆಂಗಸರು ಬೇಕು. ಹರಾಜಿನ ಹಣ ಬರುವುದು ಹೆಚ್ಚಾಗಿ ಗಂಡಸರ ಹೆಸರಿಗೆ. ಅದರಲ್ಲಿ ಕಂತಿಗೆ ದುಡ್ಡು ಕೇಳಿದ್ದಕ್ಕೇ ಹೊಡೆತ ತಿನ್ನುವವರಿದ್ದಾರೆ.

ಇಂಥ ಹೊತ್ತಿನಲ್ಲಿ ಜೊತೆ ನಿಲ್ಲುವ ಸಂಸ್ಥೆಗಳಿವೆ. ಆದರೆ ನಮಗೆ ಹೆದರಿಕೆ: "ಅಲ್ಲಿಗೆ ಹೋದ್ರೆ ಸಂಸಾರ ಒಡೀತಾರೆ, ಗಂಡನ್ನ ಜೈಲಿಗೆ ಹಾಕಿಸ್ತಾರೆ." ಅಲ್ಲಿ ಇರುವವರು ಯಾರು ಅಂತ ತಿಳಿದುಕೊಳ್ಳೋಣ.

ಒಂದು ಉದಾಹರಣೆ

ಬೆಂಗಳೂರಿನಲ್ಲಿ 1979ರಲ್ಲಿ 'ವಿಮೋಚನಾ' ಎಂಬ ಮಹಿಳಾ ಹಕ್ಕುಗಳ ವೇದಿಕೆ ಶುರುವಾಯಿತು. ಡೋನಾ ಫರ್ನಾಂಡಿಸ್ ಅದನ್ನು ಕಟ್ಟಿದವರಲ್ಲಿ ಒಬ್ಬರು. 1990ರ ದಶಕದಲ್ಲಿ ಅದರ ಕಾರ್ಯಕರ್ತೆಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗುತ್ತಿದ್ದರು. "ಸ್ಟೌ ಸಿಡಿದು ಸಾವು" ಎಂದು ಬರೆದು ಮುಚ್ಚಿದ ಪ್ರಕರಣಗಳನ್ನು ಹುಡುಕಿ, ಮನೆಯವರ ಜೊತೆ ಮಾತಾಡಿ, ಒಂದೊಂದನ್ನೂ ಬರೆದಿಟ್ಟರು. ಮದುವೆಯಾದ ಹೆಣ್ಣುಮಕ್ಕಳ ಕೈಯಲ್ಲೇ ಸ್ಟೌ ಯಾಕೆ ಸಿಡಿಯುತ್ತದೆ? ಹೀಗೆ ಕೇಳಿದ್ದರಿಂದಲೇ ಆ ಸಾವುಗಳು ಎಲ್ಲರ ಕಣ್ಣಿಗೆ ಬಿದ್ದವು.

ಯಾರು ಏನು ಮಾಡುತ್ತಾರೆ?

ಆಪ್ತಸಮಾಲೋಚಕಿ: ನಿಮ್ಮ ಮಾತನ್ನು ಪೂರ್ತಿ ಕೇಳುತ್ತಾರೆ. "ನೀನೇನು ತಪ್ಪು ಮಾಡಿದೆ?" ಎಂದು ಕೇಳುವುದು ಅವರ ಕೆಲಸವಲ್ಲ. ಹೇಳಿದ್ದನ್ನು ಊರಿಗೆಲ್ಲ ಹರಡುವಂತೆಯೂ ಇಲ್ಲ.

ಕ್ಷೇತ್ರ ಕಾರ್ಯಕರ್ತೆ: ಠಾಣೆಗೆ, ಆಸ್ಪತ್ರೆಗೆ, ಕೋರ್ಟಿಗೆ ಜೊತೆಗೆ ಬರುತ್ತಾರೆ. ಒಬ್ಬಳೇ ಹೋದಾಗ ಬರುವ ಉತ್ತರಕ್ಕೂ ಇಬ್ಬರು ಹೋದಾಗ ಬರುವ ಉತ್ತರಕ್ಕೂ ವ್ಯತ್ಯಾಸವಿದೆ.

ವಕೀಲರು: ಕಾನೂನನ್ನು ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳುತ್ತಾರೆ, ಅರ್ಜಿ ಬರೆಯುತ್ತಾರೆ.

ದಾಖಲೆ ಇಡುವವರು: ಹತ್ತಾರು ಹೆಣ್ಣುಮಕ್ಕಳ ಕಷ್ಟವನ್ನು ಸೇರಿಸಿ ಬರೆದು ಸರ್ಕಾರದ ಮುಂದಿಡುತ್ತಾರೆ. ದೇಶದ ಮಹಿಳಾ ಸಂಘಟನೆಗಳು ಹೀಗೆ ವರ್ಷಗಟ್ಟಲೆ ಒತ್ತಾಯಿಸಿದ್ದರಿಂದಲೇ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005 ಬಂತು. 26 ಅಕ್ಟೋಬರ್ 2006ರಂದು ಜಾರಿಯಾಯಿತು.

ನಿರ್ಧಾರ ಯಾರದು?

ನಿರ್ಧಾರ ನಿಮ್ಮದೇ. ದೂರು ಕೊಡಬೇಕೋ, ಮಾತುಕತೆ ಸಾಕೋ, ಸ್ವಲ್ಪ ದಿನ ಯೋಚಿಸಬೇಕೋ ಎಂಬುದನ್ನು ನೀವೇ ಹೇಳಬೇಕು. ಈ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆಯೂ ನೀವು ಬಯಸಿದರೆ ಮಾತ್ರ ಘಟನೆಯ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತದೆ. ಅರ್ಜಿ ಹಾಕಿದ ಕೂಡಲೇ ಗಂಡನಿಗೆ ಜೈಲು ಅಂತಲೂ ಅಲ್ಲ. "ಹೊಡೆಯಬಾರದು, ಮನೆಯಿಂದ ಹೊರಹಾಕಬಾರದು, ಖರ್ಚಿಗೆ ಕೊಡಬೇಕು" ಎಂದು ಕೋರ್ಟು ಆದೇಶ ಕೊಡಬಹುದು. ರಕ್ಷಣಾ ಆದೇಶವನ್ನು ಮೀರಿದರೆ 1 ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ನೆನಪಿಡಿ

* ಮನೆ ನಿಮ್ಮ ಹೆಸರಲ್ಲಿ ಇಲ್ಲದಿದ್ದರೂ ಗಂಡನ ಜೊತೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಇದೆ.
* ಹಿಂಸೆ ನಡೆಯುತ್ತಿದೆ ಎಂದು ನೆರೆಯವರು, ಸಂಘದವರು ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ.
* ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ (ಸಿ.ಡಿ.ಪಿ.ಓ.) ಸಂರಕ್ಷಣಾಧಿಕಾರಿಗಳು. ಅಂಗನವಾಡಿ ಟೀಚರ್ ಅವರ ಕಚೇರಿಯ ದಾರಿ ಹೇಳುತ್ತಾರೆ.
* 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಯಾವುದೇ ಆದಾಯದ ಮಹಿಳೆಗೂ ಉಚಿತ ವಕೀಲರು ಸಿಗುತ್ತಾರೆ. ಅರಕಲಗೂಡು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ.
* ಮಹಿಳಾ ಸಹಾಯವಾಣಿ 181. ತುರ್ತಿಗೆ 112.

ಸಭೆಯಲ್ಲಿ ಚರ್ಚಿಸಿ

ಕಂತು ತಪ್ಪಿದಾಗ ದಂಡ ಹಾಕುವ ಮೊದಲು "ಯಾಕೆ ತಪ್ಪಿತು?" ಎಂದು ಕೇಳಿದ್ದೇವೆಯೇ? ನಮ್ಮಲ್ಲಿ ಒಬ್ಬಳಿಗೆ ಠಾಣೆಗೆ ಹೋಗಬೇಕಾಗಿ ಬಂದರೆ ಜೊತೆಗೆ ಹೋಗುವ ಇಬ್ಬರು ಯಾರು? ಇಂದೇ ಹೆಸರು ಬರೆದಿಡಿ. ಕೇಳುವುದು, ಬರೆದಿಡುವುದು, ಜೊತೆಗೆ ಹೋಗುವುದು, ಈ ಮೂರೂ ನಮ್ಮ ಕೈಲೂ ಆಗುವ ಕೆಲಸ.